ಫೋನಿನಿಂದ ಕಂಪ್ಯೂಟರ್ ನಿಯಂತ್ರಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ತಪ್ಪಿಸುವುದು ಹೇಗೆ?

ಕಂಪ್ಯೂಟರಿನ ಪರದೆಯನ್ನೇ ಫೋನಿಗೆ ತರಬೇಡಿ, ಬೇಕಾದ ಬಟನ್‌ಗಳನ್ನಷ್ಟೇ ಇಟ್ಟುಕೊಳ್ಳಿ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪರದೆಯ ಚಿತ್ರ ಬದಲಾದಾಗಲೆಲ್ಲ ಕಂಪ್ಯೂಟರ್ ಅದನ್ನು ಕುಗ್ಗಿಸಿ ಕಳಿಸುತ್ತದೆ, ಫೋನ್ ಬಿಡಿಸಿ ತೋರಿಸುತ್ತದೆ. ಬ್ಯಾಟರಿ ತಿನ್ನುವುದು ಈ ಕೆಲಸವೇ. ಬಟನ್ ಒತ್ತಿದಾಗ ಹೋಗುವುದು ಪುಟ್ಟ ಸಂದೇಶವೊಂದೇ. ಒತ್ತದಿದ್ದಾಗ ವೈ-ಫೈಗೆ ಹೆಚ್ಚು ಕೆಲಸವಿಲ್ಲ.

ಇದಕ್ಕೆ ಉಚಿತವಾಗಿ ಸಿಗುವ ಕೆಡಿಇ ಕನೆಕ್ಟ್ (KDE Connect) ಎಂಬ ಆ್ಯಪ್ ಒಳ್ಳೆಯ ಆಯ್ಕೆ. ಫೋನ್, ಕಂಪ್ಯೂಟರ್ ಎರಡೂ ಕಡೆ ಹಾಕಿ, ಪೇರ್ ಮಾಡಿ (ಒಂದಕ್ಕೊಂದು ಜೋಡಿಸಿ). ಕಂಪ್ಯೂಟರಿನಲ್ಲಿ ‘ರನ್ ಕಮಾಂಡ್ಸ್’ ಸೆಟ್ಟಿಂಗ್ ತೆರೆದು ಹೆಸರು ಮತ್ತು ಕಮಾಂಡ್ ಬರೆಯಿರಿ. ಲಿನಕ್ಸ್ ಆದರೆ ‘systemctl suspend’ ಎಂಬ ಕಮಾಂಡನ್ನು ‘ಮಲಗು’ ಎಂಬ ಹೆಸರಿನಲ್ಲಿ ಉಳಿಸಿ. ಫೋನಿನಲ್ಲಿ ‘ಮಲಗು’ ಮುಟ್ಟಿದರೆ ಕಂಪ್ಯೂಟರ್ ನಿದ್ದೆಗೆ ಜಾರುತ್ತದೆ. ಮತ್ತೆ ಎಬ್ಬಿಸಲು ಮಾತ್ರ ಇದರಿಂದ ಆಗದು. ಮಲಗಿದ ಕಂಪ್ಯೂಟರಿನಲ್ಲಿ ಸಂದೇಶ ಕೇಳುವ ಪ್ರೋಗ್ರಾಮೂ ನಿಂತಿರುತ್ತದೆ.

ಫೋನಿಗೆ ಕಂಪ್ಯೂಟರ್ ಕಾಣಿಸದಿದ್ದರೆ ಮೊದಲು ಕಂಪ್ಯೂಟರಿಗೆ ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ನೋಡಿ: ಅದರಲ್ಲಿ 1714ರಿಂದ 1764ರವರೆಗಿನ ಪೋರ್ಟ್‌ಗಳು (ಸಂದೇಶ ಒಳಬರುವ ದ್ವಾರಗಳು) ಟಿಸಿಪಿ, ಯುಡಿಪಿ ಎಂಬ ಎರಡೂ ಬಗೆಯ ಸಂಪರ್ಕಕ್ಕೆ ತೆರೆದಿರಬೇಕು. ಗೆಸ್ಟ್ ವೈ-ಫೈಯಲ್ಲಿದ್ದರೆ ಬದಲಿಸಿ, ಅಲ್ಲಿ ಸಾಮಾನ್ಯವಾಗಿ ಒಂದು ಸಾಧನ ಇನ್ನೊಂದನ್ನು ತಲುಪದಂತೆ ತಡೆ ಇರುತ್ತದೆ.