ಕಳಸಾ-ಬಂಡೂರಿ ನೀರು ಯಾರ ಕೈಯಲ್ಲಿದೆ?

ಪ್ರಶ್ನೆ: ಕಳಸಾ-ಬಂಡೂರಿ ನೀರು ಕೇಳಿದರೆ ಬೆಂಗಳೂರಿನವರು ದಿಲ್ಲಿ ಕಡೆ ಕೈ ತೋರಿಸ್ತಾರೆ. ದಿಲ್ಲಿಯವರು ಕೋರ್ಟು, ಟ್ರಿಬ್ಯೂನಲ್ ಅಂತಾರೆ. ಅಷ್ಟಕ್ಕೂ ನೀರು ರಾಜ್ಯದ್ದೋ, ಕೇಂದ್ರದ್ದೋ? ಬಿಡಿಸಿ ಹೇಳ್ರಿ.
— ರೈತರೊಬ್ಬರು, ನವಲಗುಂದ

ಉತ್ತರ: ಇಬ್ಬರದೂ ಹೌದು. ಸಿಟ್ಟಾಗಬೇಡಿ, ಹೇಳುತ್ತೇನೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಒಂದು ಕೇಂದ್ರದ್ದು, ಒಂದು ರಾಜ್ಯದ್ದು, ಇನ್ನೊಂದು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ನೀರಾವರಿ, ಕಾಲುವೆ ಎಲ್ಲ ರಾಜ್ಯ ಪಟ್ಟಿಯ 17ನೇ ನಮೂದಿನಲ್ಲಿವೆ. ಮಲಪ್ರಭಾ ಕಾಲುವೆಗೆ ಯಾವಾಗ ನೀರು ಬಿಡಬೇಕು ಅಂತ ನಾವು ದಿಲ್ಲಿಯನ್ನು ಕೇಳುವುದಿಲ್ಲ, ಅಲ್ವಾ? ಆದರೆ ಅದೇ ನಮೂದಿನಲ್ಲಿ ಒಂದು ಕೊಕ್ಕೆ ಇದೆ: ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟು ಅಂತ. ಆ 56 ಅಂತರರಾಜ್ಯ ನದಿಗಳದ್ದು. ಮಹದಾಯಿ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವಾದಲ್ಲಿ ಸಮುದ್ರ ಸೇರುತ್ತದೆ. ಕಳಸಾ, ಬಂಡೂರಿ ಅದಕ್ಕೆ ಸೇರುವ ಹಳ್ಳಗಳು. ಹಾಗಾಗಿ ಬೆಂಗಳೂರಿನವರ ಮಾತೇ ಕೊನೆಯಲ್ಲ.

ಇಂಥ ಜಗಳಕ್ಕೆ 262ನೇ ವಿಧಿ ಬೇರೆಯೇ ದಾರಿ ಹಾಕಿಕೊಟ್ಟಿದೆ. ಅದರಂತೆ ಸಂಸತ್ತು 1956ರಲ್ಲಿ ಕಾನೂನು ಮಾಡಿತು. ಕೇಂದ್ರ ಸರ್ಕಾರ 2010ರಲ್ಲಿ ಮಹದಾಯಿ ನ್ಯಾಯಮಂಡಳಿ ರಚಿಸಿತು. ಅಲ್ಲಿ ಕೂರುವ ನ್ಯಾಯಾಧೀಶರನ್ನು ಆರಿಸುವವರು ಮಂತ್ರಿಗಳಲ್ಲ, ಭಾರತದ ಮುಖ್ಯ ನ್ಯಾಯಮೂರ್ತಿ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಮೂರೂ ಇದೊಂದೇ ಫೈಲಿನಲ್ಲಿ ಸಿಗುತ್ತವೆ. 2018ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಗೆಜೆಟ್‌ನಲ್ಲೂ ಬಂತು. ಆಮೇಲೆ ಅದಕ್ಕೆ ಸುಪ್ರೀಂ ಕೋರ್ಟ್ ಡಿಕ್ರಿಯಷ್ಟೇ ಬಲ.

ಹಾಗಾದರೆ ಇಷ್ಟು ಎಳೆಯುವುದು ಯಾಕೆ? ರಾಜ್ಯಗಳು ತೀರ್ಪನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿರುವುದು ಎಲ್ಲರಿಗೂ ಗೊತ್ತು. ಜನ ಅಷ್ಟಾಗಿ ಗಮನಿಸದ ಇನ್ನೊಂದು ಕಾರಣ, ಈ ಯೋಜನೆಗೆ ಬೇಕಾದ ಕಾಡಿನ ಜಾಗ. ಅರಣ್ಯ, ವನ್ಯಜೀವಿ ಎರಡೂ ಮೊದಲು ರಾಜ್ಯ ಪಟ್ಟಿಯಲ್ಲೇ ಇದ್ದವು. 1976ರಲ್ಲಿ 42ನೇ ತಿದ್ದುಪಡಿ ಅವನ್ನು ಸಮವರ್ತಿ ಪಟ್ಟಿಗೆ ದಾಟಿಸಿತು. 1980ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿನ ಜಾಗ ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕೇ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮುಂದಿನ ಸಲ ನಿಮ್ಮ ಸಂಸದರು ಸಿಕ್ಕಾಗ ‘ನೀರು ಕೊಡಿಸಿ’ ಅನ್ನಬೇಡಿ. ‘ಅರಣ್ಯ ಮತ್ತು ವನ್ಯಜೀವಿ ಅನುಮತಿ ಯಾವ ಹಂತದಲ್ಲಿದೆ?’ ಅಂತ ಕೇಳಿ. ಆ ಪ್ರಶ್ನೆಗೆ ಭಾಷಣದ ಉತ್ತರ ಕೊಟ್ಟು ಜಾರಿಕೊಳ್ಳುವುದು ಕಷ್ಟ.

ಪ್ರಶ್ನೆ: ಮನೆ ಮುಂದೆ ಗಟಾರು ತುಂಬಿ ಹರೀತಾ ಇದೆ. ಸಂಸದರಿಗೇ ಪತ್ರ ಬರೆಯಲಾ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಸುಮ್ನೆ ಅಂಚೆ ಖರ್ಚು. ಗಟಾರು ಮಹಾನಗರ ಪಾಲಿಕೆಯದು, ನಿಮ್ಮ ವಾರ್ಡಿನ ಕಾರ್ಪೊರೇಟರನ್ನು ಹಿಡಿಯಿರಿ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಪಾಲಿಕೆಗಳಿಗೂ ಸಂವಿಧಾನದಲ್ಲಿ ಜಾಗ ಕೊಟ್ಟಿದೆ. ಮನೆ ರೈಲ್ವೆ ಕ್ವಾರ್ಟರ್ಸ್ ಒಳಗಿದ್ದರೆ ಮಾತ್ರ ಕಥೆ ಬೇರೆ. ರೈಲ್ವೆ ಕೇಂದ್ರದ್ದು. ಆಗಲೂ ದಿಲ್ಲಿಗೆ ಹೋಗಬೇಕಿಲ್ಲ, ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ನಿಮ್ಮೂರಲ್ಲೇ ಇದೆ.

ಪ್ರಶ್ನೆ: ಜಗಳವೊಂದರ ಸಲುವಾಗಿ ಪೊಲೀಸರು ತಮ್ಮನನ್ನು ಮುಂಜಾನೆ ಠಾಣೆಗೆ ಕರೆದೊಯ್ದರು. ಮರುದಿನ ರಾತ್ರಿವರೆಗೂ ಬಿಡಲಿಲ್ಲ, ಕೋರ್ಟಿಗೂ ತರಲಿಲ್ಲ. ಕೇಳಿದರೆ ‘ಅರೆಸ್ಟ್ ಮಾಡಿಲ್ಲ, ವಿಚಾರಣೆ ಅಷ್ಟೆ’ ಅಂದರು. ಇದು ಸರೀನಾ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಸರಿಯಲ್ಲ. ಎದ್ದು ಹೋಗಲು ಬಿಡದಿದ್ದರೆ, ಹೆಸರು ಏನೇ ಇಡಲಿ, ಅದು ಬಂಧನವೇ. 22ನೇ ವಿಧಿ ಪ್ರಕಾರ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಹಿಡಿದ ಹೊತ್ತು, ತಾರೀಖಿನ ಮೆಮೊ ಬರೆದು ಮನೆಯವರದೋ ಊರಿನ ಒಬ್ಬರದೋ ಸಾಕ್ಷಿ ಸಹಿ ಹಾಕಿಸಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಠಾಣೆಯಲ್ಲಿ ಮೊದಲು ಆ ಮೆಮೊ ಕೇಳಿ.

ಇನ್ನೊಮ್ಮೆ ಹೀಗಾದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಅರ್ಜಿ ಹಾಕಬಹುದು. 2008ಕ್ಕೆ ಮೊದಲು ಇದಕ್ಕೆ ಬೆಂಗಳೂರಿಗೇ ಓಡಬೇಕಿತ್ತು. ಈಗ ಧಾರವಾಡ ಪೀಠ ಇದೆ. ವಕೀಲರ ಫೀಸಿನ ಚಿಂತೆ ಇದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.