ಮೊದಲು ಬೇಲಿ ಕಟ್ಟಿಸಿ, ಅರ್ಥ ಆಮೇಲೆ ಬರಲಿ

ಅಮೆರಿಕದ ಕಪ್ಪು ನಾಟಕಕಾರ ಆಗಸ್ಟ್ ವಿಲ್ಸನ್ ಅವರ ‘ಫೆನ್ಸಸ್’ (ಬೇಲಿಗಳು) ನಾಟಕವನ್ನು ಹವ್ಯಾಸಿ ತಂಡದಿಂದ ಆಡಿಸಲು ಹೊರಟಿದ್ದೀರಿ. ಬೇಲಿಯ ಸಂಕೇತ ಪ್ರೇಕ್ಷಕರಿಗೆ ಸ್ಪಷ್ಟವಾಗಿ ತಲುಪುವುದು ಹೇಗೆ, ಅಪ್ಪ ಟ್ರಾಯ್ ಮ್ಯಾಕ್ಸನ್‌ನನ್ನು ಖಳನಾಗಿ ತೋರಿಸಬೇಕೆ ಅಥವಾ ಅನ್ಯಾಯಕ್ಕೆ ಸಿಕ್ಕವನಾಗಿ ತೋರಿಸಬೇಕೆ ಎಂದು ಕೇಳಿದ್ದೀರಿ. ನಾನೂ ಇವೇ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಈ ನಾಟಕಕ್ಕೆ ಕೈಹಾಕಿದ್ದೆ. ಎರಡನ್ನೂ ಕೈಬಿಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಾಲೀಮು ಶುರುವಾದಾಗಲೇ ನಮ್ಮಲ್ಲೊಬ್ಬರು ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂದರು. ಕಾಯಬೇಕಾದ ಅಪ್ಪನೇ ಮಗನ ಭವಿಷ್ಯವನ್ನು ಮೇಯುತ್ತಾನಲ್ಲ! ಗಾದೆ ಸಿಕ್ಕಿದ್ದೇ ತಡ, ನಾಟಕವೇ ಸಿಕ್ಕಿತು ಎಂದುಕೊಂಡೆ. ಮೊದಲ ದೃಶ್ಯದಿಂದಲೇ ರಂಗದ ಹಿಂಬದಿಗೆ ಆಳೆತ್ತರದ ಬೇಲಿಯನ್ನು ಪೂರ್ತಿ ನಿಲ್ಲಿಸಿದೆ. ಟ್ರಾಯ್ ಕೋಪಗೊಂಡಾಗಲೆಲ್ಲ ಅದರ ಮೇಲೆ ಕೆಂಪು ಬೆಳಕು ಬೀಳುತ್ತಿತ್ತು. ನೋಡಿದವರೆಲ್ಲ ಸಂಕೇತವನ್ನು ಗುರುತಿಸಿದರು, ಹೊಗಳಿದರು. ಆದರೆ ಯಾರಿಗೂ ಎದೆ ಹಿಂಡಲಿಲ್ಲ.

ಏಕೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅತ್ತಲೇ ನಡೆಯುತ್ತಿದ್ದೀರಿ. ವಿಲ್ಸನ್ ತಮ್ಮ ರಂಗಸೂಚನೆಯಲ್ಲೇ ಅಂಗಳದ ಬೇಲಿ ಅರೆಬರೆಯಾಗಿರಬೇಕು, ಪಕ್ಕದಲ್ಲಿ ಮರದ ರಾಶಿ ಬಿದ್ದಿರಬೇಕು ಎನ್ನುತ್ತಾರೆ. ಬೇಲಿ ಪೂರ್ತಿಯಾಗಿ ಕಾಣುವುದು ಕೊನೆಯ ದೃಶ್ಯದಲ್ಲಿ ಮಾತ್ರ. ಅಲ್ಲಿಯವರೆಗೂ ಅದು ಬಾಕಿ ಉಳಿದ ಕೆಲಸ. ಹೆಂಡತಿ ರೋಸ್ ಅದನ್ನು ಬಯಸುತ್ತಾಳೆ, ಟ್ರಾಯ್ ಮುಂದೂಡುತ್ತಾನೆ, ಮಗ ಕೋರಿ ಕೆಲಸ ಬಿಟ್ಟು ಫುಟ್‌ಬಾಲ್ ಅಭ್ಯಾಸಕ್ಕೆ ಓಡುತ್ತಾನೆ. ಇಷ್ಟು ಗಟ್ಟಿ ಮರ ಬೇಕಿರಲಿಲ್ಲ, ಪೈನ್ ಸಾಕಿತ್ತು ಎಂದು ಗೆಳೆಯ ಬೋನೋ ಗೊಣಗುತ್ತಾನೆ. ನೀನು ಬೇಲಿ ಮುಗಿಸಿದರೆ ನಾನು ಹೆಂಡತಿಗೆ ಫ್ರಿಜ್ ಕೊಡಿಸುತ್ತೇನೆ ಎಂದೂ ಹೇಳುತ್ತಾನೆ. ಕೆಲವರು ಜನರನ್ನು ಹೊರಗಿಡಲು ಬೇಲಿ ಕಟ್ಟುತ್ತಾರೆ, ಕೆಲವರು ಒಳಗಿಟ್ಟುಕೊಳ್ಳಲು ಕಟ್ಟುತ್ತಾರೆ ಎಂಬ ಪ್ರಸಿದ್ಧ ಮಾತನ್ನು ಅವನು ಆಡುವುದೂ ಈ ಕೆಲಸದ ನಡುವೆಯೇ. ನಾನು ಮೊದಲೇ ಬೇಲಿ ನಿಲ್ಲಿಸಿದ್ದರಿಂದ ರೋಸ್‌ಗೆ ಕೇಳಲು ಏನೂ ಉಳಿಯಲಿಲ್ಲ, ಟ್ರಾಯ್‌ಗೆ ಮುಂದೂಡಲು ಏನೂ ಉಳಿಯಲಿಲ್ಲ. ಅವನ ಪ್ರೇಯಸಿ ಅಲ್ಬರ್ಟಾ ಹೆರಿಗೆಯಲ್ಲಿ ಸತ್ತ ಸುದ್ದಿ ಬಂದ ರಾತ್ರಿ ಅವನು ಸಾವನ್ನೇ ಎದುರು ನಿಲ್ಲಿಸಿಕೊಂಡು, ನನ್ನದೆಂಬುದರ ಸುತ್ತ ಬೇಲಿ ಕಟ್ಟುತ್ತೇನೆ ಎಂದು ಸವಾಲು ಹಾಕುತ್ತಾನೆ. ಬೆನ್ನ ಹಿಂದೆ ಬೇಲಿ ಆಗಲೇ ನಿಂತಿದ್ದರೆ ಆ ಮಾತಿಗೆ ಯಾವ ಬೆಲೆ? ಹೆಂಡತಿ ಕೇಳಿದಾಗ ಏಳದ ಬೇಲಿ ಭಯ ಹುಟ್ಟಿದ ಮೇಲೆ ಏಳುತ್ತದೆ. ಆ ಮನುಷ್ಯನ ದೋಷವೆಲ್ಲ ಇದರಲ್ಲೇ ಇದೆ, ಅದನ್ನು ನಾನು ಬಡಗಿಗೆ ಕೊಟ್ಟ ಒಂದೇ ಒಂದು ಸೂಚನೆಯಿಂದ ಅಳಿಸಿಹಾಕಿದ್ದೆ.

ಟ್ರಾಯ್ ಪಾತ್ರ ಮಾಡಿದವರು ಹಿರಿಯ ನಟರು. ಕೊನೆಯ ಪ್ರದರ್ಶನದ ನಂತರ, “ನೀವು ನನಗೆ ಪಾತ್ರ ಕೊಡಲಿಲ್ಲ, ತೀರ್ಪು ಕೊಟ್ಟಿರಿ” ಎಂದರು. ಮತ್ತೆ ನಮ್ಮ ತಂಡಕ್ಕೆ ಬರಲಿಲ್ಲ.

ಅವರ ಮಾತಿನ ಹಿಂದೆಯೇ ನಿಮ್ಮ ಎರಡನೆಯ ಪ್ರಶ್ನೆಯೂ ಬರುತ್ತದೆ. ಟ್ರಾಯ್ ಖಳನೂ ಹೌದು, ಅನ್ಯಾಯಕ್ಕೆ ಸಿಕ್ಕವನೂ ಹೌದು ಎಂದು ಸಮತೂಕದ ಉತ್ತರ ಕೊಡುವುದು ಸುಲಭ, ಅದರಿಂದ ನಟನಿಗೆ ಯಾವ ಉಪಯೋಗವೂ ಇಲ್ಲ. ಅವನಿಗೆ ಮಾಡಲು ಕೆಲಸ ಕೊಡಿ. ನಾಟಕ 1957ರಲ್ಲಿ ಶುರುವಾದಾಗ ಟ್ರಾಯ್‌ಗೆ 53 ವರ್ಷ, ಕಸ ಎತ್ತುವ ಕೆಲಸ. ಕಪ್ಪು ಜನರ ಲೀಗ್‌ಗಳಲ್ಲಿ ಬೇಸ್‌ಬಾಲ್ ಆಡಿ ಹೆಸರು ಮಾಡಿದ್ದವನು. 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಕಪ್ಪು ಜನರಿಗೆ ದಶಕಗಳ ಕಾಲ ಮುಚ್ಚಿದ್ದ ಮೇಜರ್ ಲೀಗ್‌ಗೆ ಕಾಲಿಟ್ಟಾಗ ಇವನ ವಯಸ್ಸು ನಲವತ್ತು ದಾಟಿತ್ತು. ಬಾಗಿಲು ಮುಚ್ಚಿದ್ದನ್ನು ಅವನು ಮೈಯಲ್ಲಿ ಅನುಭವಿಸಿದ್ದಾನೆ. ಅದು ತೆರೆದದ್ದನ್ನು ನಂಬಲು ಅವನಿಂದ ಆಗುವುದಿಲ್ಲ, ಅದಕ್ಕೇ ಕೋರಿಯ ಕಾಲೇಜು ಫುಟ್‌ಬಾಲ್ ಅವಕಾಶವನ್ನು ಮುರಿಯುತ್ತಾನೆ. ಅದೇ ಮನುಷ್ಯ ಪ್ರತಿ ಶುಕ್ರವಾರ ಸಂಬಳ ತಂದು ರೋಸ್ ಕೈಗೆ ಇಡುತ್ತಾನೆ. ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದ ತಮ್ಮ ಗೇಬ್ರಿಯಲ್‌ಗೆ ಸಿಕ್ಕ ಪರಿಹಾರದ ಹಣದಿಂದ ಮನೆ ಕೊಂಡವನೂ ಅವನೇ. ನಿನಗೆ ನಾನೇಕೆ ಇಷ್ಟವಿಲ್ಲ ಎಂದು ಮಗ ಕೇಳಿದಾಗ, ಇಷ್ಟಪಡಬೇಕೆಂಬ ಕಾನೂನು ಎಲ್ಲಿದೆ ಎಂದು ತಿರುಗಿ ಕೇಳುತ್ತಾನೆ. ಈ ಸಾಲನ್ನು ನಮ್ಮ ನಟರಿಂದ ನಾನು ಕಿರುಚಿಸಿದ್ದೆ. ಅನ್ನ, ಬಟ್ಟೆ, ಸೂರು ಕೊಟ್ಟವನ ಪ್ರಾಮಾಣಿಕ ಗೊಂದಲ ಅದು. ತಣ್ಣಗೆ ಹೇಳಿಸಿ ನೋಡಿ, ಕೋರಿಯ ಪಾತ್ರಧಾರಿ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

ಮರಕ್ಕೆ ತೂಗುಬಿಟ್ಟ ಚಿಂದಿಬಟ್ಟೆಯ ಚೆಂಡು, ಅದಕ್ಕೆ ಒರಗಿಸಿಟ್ಟ ಬ್ಯಾಟು ಇವಕ್ಕೂ ಇದೇ ಮಾತು ಸಲ್ಲುತ್ತದೆ. ಮೊದಲು ಅವು ಟ್ರಾಯ್‌ನ ಆಟದ ಸಾಮಾನುಗಳಾಗಿರಲಿ. ಅಪ್ಪ ಮಗ ಅದೇ ಬ್ಯಾಟಿಗಾಗಿ ಕಿತ್ತಾಡುವಾಗಲೂ, 1965ರ ದೃಶ್ಯದಲ್ಲಿ ಟ್ರಾಯ್ ಬ್ಯಾಟು ಬೀಸುತ್ತಲೇ ಬಿದ್ದು ಸತ್ತನೆಂದು ರೋಸ್ ಹೇಳುವಾಗಲೂ ವಿಶೇಷ ಬೆಳಕು ಬೇಕಾಗುವುದಿಲ್ಲ. ಅಂತ್ಯಕ್ರಿಯೆಗೆ ಬರುವುದಿಲ್ಲ ಎಂದ ಕೋರಿ ಅಪ್ಪನ ಹಳೆಯ ನಾಯಿಯ ಹಾಡನ್ನು ಪುಟ್ಟ ತಂಗಿಯೊಂದಿಗೆ ಹಾಡುತ್ತಾನಲ್ಲ, ಅದು ಅಜ್ಜನಿಂದ ಬಂದ ಹಾಡು. ಹೊಡೆದು ಬಡಿದು ಟ್ರಾಯ್‌ನನ್ನು ಹದಿನಾಲ್ಕನೇ ವಯಸ್ಸಿಗೆ ಮನೆ ಬಿಡಿಸಿದ ಅಜ್ಜ. ನನ್ನ ಮಟ್ಟಿಗೆ ಇಡೀ ನಾಟಕದ ಅತಿ ದೊಡ್ಡ ಸಂಕೇತ ಆ ಹಾಡು, ಬೇಲಿಗಿಂತಲೂ ದೊಡ್ಡದು. ಪ್ರಬಂಧ ಬರೆಯುವವರು ಅದನ್ನು ಏಕೆ ಬಿಟ್ಟುಬಿಡುತ್ತಾರೋ ತಿಳಿಯದು.

ಹಾಗಾಗಿ ತಾಲೀಮನ್ನು ಬೇಲಿಯ ಕೆಲಸ ನಡೆಯುವ ಎರಡನೆಯ ಅಂಕದ ಮೊದಲ ದೃಶ್ಯದಿಂದ ಆರಂಭಿಸಿ. ನಿಜವಾದ ಮರ, ನಿಜವಾದ ಗರಗಸ ತರಿಸಿ. ಗರಗಸ ಹಿಡಿಯಲು ನಿಮ್ಮ ನಟರಿಗೆ ಬಾರದಿದ್ದರೆ ಮಾತು ಕಲಿಸುವ ಮುನ್ನ ಒಬ್ಬ ಬಡಗಿಯನ್ನು ಕರೆಸಿ.