ಹಳೆಯ ಕಾರಣ, ಜೀವಂತ ಕಾರಣ: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಹತ್ತೊಂಬತ್ತು ವರ್ಷದ ಯುವಕನೊಬ್ಬ ಇಬ್ಬರು ಗೆಳೆಯರ ಜೊತೆ ಸೇರಿ ರಾತ್ರಿ ವೇಳೆ ಮೊಬೈಲ್ ಅಂಗಡಿಯ ಬೀಗ ಮುರಿದಿದ್ದ. ತಡೆಯಲು ಬಂದ ವಯಸ್ಸಾದ ಕಾವಲುಗಾರರನ್ನು ಆತ ತಳ್ಳಿದಾಗ ಅವರು ಬಿದ್ದು ಕೈ ಮುರಿದುಕೊಂಡಿದ್ದರು. ಇದು ಮೊದಲ ಅಪರಾಧವಾದ್ದರಿಂದ ನ್ಯಾಯಾಲಯ ಆತನನ್ನು ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿ) ನಿಗಾದಲ್ಲಿ ಬಿಡುಗಡೆ ಮಾಡಿತು. ಆಪ್ತಸಲಹೆಗೆ ಹಾಜರಾಗಬೇಕೆಂಬುದು ಷರತ್ತುಗಳಲ್ಲಿ ಒಂದು. ತಾಯಿ ಮತ್ತು ಅಣ್ಣ ಜೊತೆಗೆ ಬಂದಿದ್ದರು.

“ಇವನು ಯಾಕೆ ಹೀಗಾದ ಮೇಡಂ?” ಎಂಬ ತಾಯಿಯ ಪ್ರಶ್ನೆಗೆ ಮೂವರ ಬಳಿಯೂ ಸಿದ್ಧ ಉತ್ತರವಿತ್ತು. ಕುಡಿದು ಬಂದು ಹೊಡೆಯುತ್ತಿದ್ದ, ಈತನಿಗೆ ಹನ್ನೊಂದು ವರ್ಷವಾದಾಗ ಮನೆ ಬಿಟ್ಟುಹೋದ ತಂದೆಯೇ ಕಾರಣ ಎಂದು ತಾಯಿ ನಂಬಿದ್ದರು. ಅಣ್ಣನಿಗೆ ಅದು ಸಹವಾಸದೋಷ. ಯುವಕನಾದರೋ, “ನಾನು ಇರೋದೇ ಹೀಗೆ” ಎಂದು ಮುಖ ತಿರುಗಿಸಿದ. ಮೂರರಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಕೊನೆಯದು. ಏಕೆಂದರೆ ಹದಿಮೂರನೆಯ ವಯಸ್ಸಿನಲ್ಲಿ ತರಗತಿಯಲ್ಲಿ ಹಣ ಕಾಣೆಯಾದಾಗ ಎಲ್ಲರೆದುರು ಈತನ ಚೀಲವನ್ನು ಜಾಲಾಡಲಾಗಿತ್ತು. ಏನೂ ಸಿಗದಿದ್ದರೂ ‘ಕಳ್ಳ’ ಎಂಬ ಹೆಸರು ಮಾತ್ರ ಉಳಿದುಕೊಂಡಿತ್ತು. ಸಮಾಜ ಹಚ್ಚುವ ಹಣೆಪಟ್ಟಿಯೇ ವ್ಯಕ್ತಿಯನ್ನು ಆ ಪಾತ್ರದೊಳಕ್ಕೆ ದೂಡಬಲ್ಲದು ಎಂದು 1963ರಲ್ಲಿ ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್ ವಾದಿಸಿದ್ದರು. ಚೀಲ ಜಾಲಾಡಿದ ಘಟನೆಯ ಮರುವರ್ಷ ಶಾಲೆ ಬಿಟ್ಟ ಈತನನ್ನು ಆ ಹೆಸರಿನ ಹಂಗಿಲ್ಲದೆ ಸೇರಿಸಿಕೊಂಡವರು ಬೀದಿಯ ಗೆಳೆಯರು ಮಾತ್ರ.

ತಂದೆಯ ಹೊಡೆತವನ್ನು ನಾನು ಹಗುರವಾಗಿ ಕಾಣಲಿಲ್ಲ. ಬಾಲ್ಯದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದವರನ್ನು ಅದೇ ಹಿನ್ನೆಲೆಯ, ಆದರೆ ಅದಕ್ಕೆ ಒಳಗಾಗದ ಇತರರೊಂದಿಗೆ ಹೋಲಿಸಿ ಮನೋವಿಜ್ಞಾನಿ ಕ್ಯಾಥಿ ವಿಡಮ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಗುಂಪಿನ ಶೇ. 26ರಷ್ಟು ಮಂದಿ ಅಪ್ರಾಪ್ತ ವಯಸ್ಸಿನಲ್ಲೇ ಬಂಧನಕ್ಕೊಳಗಾಗಿದ್ದರೆ ಎರಡನೆಯ ಗುಂಪಿನಲ್ಲಿ ಆ ಪ್ರಮಾಣ ಶೇ. 17ರಷ್ಟಿತ್ತು. ವ್ಯತ್ಯಾಸ ನಿಜ, ಆದರೆ ಪೆಟ್ಟು ತಿಂದ ಮಕ್ಕಳಲ್ಲಿ ಬಹುಪಾಲು ಮಂದಿ ಆ ವಯಸ್ಸಿನಲ್ಲಿ ಬಂಧನದ ಮಟ್ಟಕ್ಕೆ ಹೋಗಲಿಲ್ಲ ಎಂಬುದೂ ಅಷ್ಟೇ ನಿಜ. ಅದೇ ಮನೆಯಲ್ಲಿ, ಅದೇ ಕೈಯ ಪೆಟ್ಟು ತಿಂದು ಬೆಳೆದ ಅಣ್ಣ ನನ್ನೆದುರೇ ಕುಳಿತಿದ್ದ. ಅಣ್ಣನಿಗೆ ಹದಿನೈದರಲ್ಲೇ ಸೋದರಮಾವನ ಕೈಕೆಳಗೆ ಕೆಲಸವೂ, ದಿನವೂ ತನ್ನನ್ನು ಎದುರುನೋಡುವ ಒಬ್ಬ ಹಿರಿಯರೂ ಸಿಕ್ಕಿದ್ದರು. ತಮ್ಮನಿಗೆ ಅವೆರಡೂ ಸಿಗಲಿಲ್ಲ.

ತಾಯಿಗೆ ನಾನು ಹೇಳಿದ್ದು ಇಷ್ಟು: ಎಲ್ಲಕ್ಕಿಂತ ಹಳೆಯ ಕಾರಣವೇ ಎಲ್ಲಕ್ಕಿಂತ ಬಲವಾದ ಕಾರಣವಾಗಬೇಕಿಲ್ಲ. ನಡೆದುಹೋದ ಬಾಲ್ಯವನ್ನು ಯಾರೂ ಬದಲಿಸಲಾಗದು. ಆದರೆ ಮುಂದಿನ ವಾರ ಮತ್ತೆ ಕಳವಿಗೆ ಕರೆದೊಯ್ಯಬಲ್ಲ ಸಂಗತಿಗಳು ಇಂದು ನಮ್ಮ ಕಣ್ಣೆದುರಿಗಿವೆ, ಅವುಗಳ ಮೇಲೆ ಕೈಯಿಡಲು ಸಾಧ್ಯವಿದೆ.

ಆದ್ದರಿಂದ ಆ ರಾತ್ರಿಯ ಘಟನೆಯನ್ನು ಹಿಂದಿನ ದಿನಗಳಿಂದಲೇ, ಗಂಟೆಗಂಟೆಯ ಲೆಕ್ಕದಲ್ಲಿ ಹೇಳುವಂತೆ ಯುವಕನನ್ನು ಕೇಳಿದೆ. “ಏನೂ ಯೋಚನೆ ಮಾಡಿರಲಿಲ್ಲ, ಆಗೋಯ್ತು” ಎಂಬಲ್ಲಿಂದ ಶುರುವಾದ ಮಾತು ಹಲವು ಭೇಟಿಗಳಲ್ಲಿ ನಿಧಾನವಾಗಿ ಬಿಚ್ಚಿಕೊಂಡಿತು. ಕೂಲಿ ಕೆಲಸ ಕೈಬಿಟ್ಟುಹೋಗಿತ್ತು. ಅದನ್ನು ಮನೆಯಲ್ಲಿ ಹೇಳದೆ ಹಗಲೆಲ್ಲ ಅಲೆಯುತ್ತಿದ್ದ. ಆ ಸಂಜೆ ವಿಷಯ ತಿಳಿದ ಅಣ್ಣ “ನೀನೂ ಅಪ್ಪನ ಥರಾನೇ” ಎಂದಿದ್ದ. ಮನೆಯಿಂದ ಹೊರಬಿದ್ದವನಿಗೆ ಗೆಳೆಯನ ಫೋನ್ ಬಂತು, ಕುಡಿದರು, ಅಂಗಡಿಯ ಮಾತು ತಮಾಷೆಯಾಗಿಯೇ ಆರಂಭವಾಯಿತು, ಮೂವರಲ್ಲಿ ಯಾರೊಬ್ಬರೂ ಮೊದಲು ಬೇಡ ಎನ್ನುವವರಾಗಲು ಸಿದ್ಧರಿರಲಿಲ್ಲ. ಗೆಳೆಯರು ನೋಡುತ್ತಿರುವಾಗ ಹದಿಹರೆಯದವರು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ ಎಂದು 2005ರಲ್ಲಿ ಮನೋವಿಜ್ಞಾನಿಗಳಾದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಕಾರು ಓಡಿಸುವ ಕಂಪ್ಯೂಟರ್ ಆಟದ ಮೂಲಕ ತೋರಿಸಿದ್ದರು. ಒಬ್ಬನೇ ಇದ್ದಿದ್ದರೆ ಆ ಬೀಗ ಮುಟ್ಟುತ್ತಿದ್ದೆಯಾ ಎಂದು ಕೇಳಿದಾಗ ಆತ ಬಹಳ ಹೊತ್ತು ಸುಮ್ಮನಿದ್ದು, ಇಲ್ಲ ಎಂದ.

ಕಾವಲುಗಾರರನ್ನು ತಳ್ಳಿದ ಕ್ಷಣಕ್ಕೆ ಬೇರೆಯದೇ ಬೇರಿತ್ತು. “ಯಾರೋ ಅದು?” ಎಂದು ಅವರು ಗದರಿದ್ದನ್ನು ಈತ ಅವಮಾನವೆಂದೇ ಕೇಳಿಸಿಕೊಂಡಿದ್ದ. ಎದುರಿನವರ ಉದ್ದೇಶ ಅಸ್ಪಷ್ಟವಾಗಿದ್ದಾಗಲೂ ಅದನ್ನು ಹಗೆತನವೆಂದು ಓದುವ ಈ ಒಲವನ್ನು ಮನೋವಿಜ್ಞಾನಿ ಕೆನೆತ್ ಡಾಜ್ 1980ರಲ್ಲಿ ಆಕ್ರಮಣಕಾರಿ ಹುಡುಗರಲ್ಲಿ ಗುರುತಿಸಿದ್ದರು. ಪೆಟ್ಟು ಯಾವಾಗ ಬೀಳುವುದೋ ತಿಳಿಯದ ಮನೆಯಲ್ಲಿ, ಸ್ವರ ಏರಿದೊಡನೆ ಅಪಾಯವನ್ನು ಊಹಿಸುವುದು ಮಗುವನ್ನು ಕಾಪಾಡುವ ಜಾಣತನವೇ ಆಗಿತ್ತು. ಬೆಳೆದ ಮೇಲೂ ಅದೇ ಕಿವಿ ಉಳಿದರೆ ಬೇರೆಯವರ ಕೈ ಮುರಿಯುತ್ತದೆ.

ಇನ್ನೊಂದು ಸಂಗತಿ ಆತನ ಸಮರ್ಥನೆಗಳು. “ಅಂಗಡಿಯವರಿಗೆ ವಿಮೆ ಇರತ್ತೆ”, “ಆ ಮನುಷ್ಯ ಅಡ್ಡ ಬರಬಾರದಿತ್ತು”, “ದೊಡ್ಡೋರು ಕದಿಯೋದು ಯಾರೂ ಕೇಳಲ್ಲ”, “ಗೆಳೆಯರನ್ನ ಬಿಟ್ಟು ಬರೋಕಾಗತ್ತಾ?” ಸಮಾಜಶಾಸ್ತ್ರಜ್ಞರಾದ ಸೈಕ್ಸ್ ಮತ್ತು ಮಾಟ್ಜಾ 1957ರಲ್ಲಿ ಇಂಥ ಐದು ಬಗೆಯ ಸಮರ್ಥನೆಗಳನ್ನು ವಿವರಿಸಿದರು: ಹೊಣೆಯ ನಿರಾಕರಣೆ, ಹಾನಿಯ ನಿರಾಕರಣೆ, ಸಂತ್ರಸ್ತರ ನಿರಾಕರಣೆ, ದೂರುವವರನ್ನೇ ದೂರುವುದು, ಮತ್ತು ಬಳಗದ ಮೇಲಿನ ನಿಷ್ಠೆಯನ್ನು ಮುಂದೊಡ್ಡುವುದು. ಮೊದಲನೆಯದೂ ಈತನ “ಆಗೋಯ್ತು” ಎಂಬ ಮಾತಿನಲ್ಲಿ ಆಗಲೇ ಬಂದುಹೋಗಿತ್ತು. ಇವುಗಳಲ್ಲಿ ನನಗೆ ಆಶಾದಾಯಕವಾಗಿ ಕಾಣುವುದು ಏನೆಂದರೆ, ತಪ್ಪು ಎಂಬ ಅರಿವೇ ಇಲ್ಲದವನಿಗೆ ಸಮರ್ಥನೆಯ ಅಗತ್ಯ ಬೀಳುವುದಿಲ್ಲ.

ಯುವಕನಿಗೆ ಕೊಟ್ಟ ಸಲಹೆ ಈ ಜೀವಂತ ಕಾರಣಗಳಿಗೆ ಸಂಬಂಧಿಸಿದ್ದು. ಘಟನೆಯ ಸರಪಳಿಯಲ್ಲಿ ತಾನು ಹಿಂತಿರುಗಬಹುದಾಗಿದ್ದ ಜಾಗಗಳನ್ನು ಆತನೇ ಗುರುತಿಸಿ ಬರೆದ. ಕೋಪ ಬಂದ ರಾತ್ರಿ ಹೋಗಲು ಸೋದರಮಾವನ ಮನೆ ಗೊತ್ತಾಯಿತು. ಗೆಳೆಯರನ್ನು ಒಮ್ಮೆಲೇ ತೊರೆ ಎಂದು ನಾನು ಹೇಳಲಿಲ್ಲ. ಹೋಗಲು ಬೇರೆ ಜಾಗವೇ ಇಲ್ಲದವನಿಗೆ ಆ ಮಾತು ಹೇಳಿ ಫಲವಿಲ್ಲ. ಮೊದಲು ಕೆಲಸ, ಆಮೇಲೆ ಸಂಜೆಯ ಹೊತ್ತು ತುಂಬುವ ಇನ್ನೊಂದು ಕೂಟ, ನಂತರ ದೂರವಾಗುವುದು ಎಂಬ ಕ್ರಮವನ್ನು ಸೂಚಿಸಿದೆ. ಅಮೆರಿಕದ ಅಪರಾಧಶಾಸ್ತ್ರಜ್ಞರಾದ ಗ್ಲೂಯೆಕ್ ದಂಪತಿಗಳು ಅಧ್ಯಯನ ಮಾಡಿದ್ದ 500 ಬಾಲಾಪರಾಧಿ ಹುಡುಗರ ಮಾಹಿತಿಯನ್ನು ದಶಕಗಳ ನಂತರ ಮತ್ತೆ ಪರಿಶೀಲಿಸಿದ ಸಂಶೋಧಕರಾದ ಸ್ಯಾಂಪ್‌ಸನ್ ಮತ್ತು ಲಾಬ್, ಸ್ಥಿರವಾದ ಉದ್ಯೋಗ ಮತ್ತು ಗಟ್ಟಿಯಾದ ದಾಂಪತ್ಯ ಅವರಲ್ಲಿ ಹಲವರನ್ನು ಅಪರಾಧದಿಂದ ದೂರ ಸೆಳೆದದ್ದನ್ನು ಕಂಡಿದ್ದರು.

ಅಣ್ಣನಿಗೆ ಒಂದೇ ಕೋರಿಕೆ: “ಅಪ್ಪನ ಥರಾನೇ” ಎಂಬ ಮಾತು ಮನೆಯಲ್ಲಿ ಮತ್ತೆ ಬರಬಾರದು. ತಮ್ಮನನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸಿದರೆ ಬುದ್ಧಿ ಬರುವುದೆಂದು ಅವನು ಯೋಚಿಸಿದ್ದ. ಅಂಥ ಕಾರ್ಯಕ್ರಮಗಳನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧನೆಗಳು ಅವು ಅಪರಾಧವನ್ನು ತಗ್ಗಿಸುವ ಬದಲು ಹೆಚ್ಚಿಸಿದ್ದನ್ನೇ ಕಂಡಿವೆ ಎಂದು ವಿವರಿಸಿದ ಮೇಲೆ ಆ ಯೋಚನೆಯನ್ನು ಕೈಬಿಟ್ಟ. ತಾಯಿಗೆ, ಮಗನ ಪರವಾಗಿ ಕ್ಷಮೆ ಕೇಳುವುದನ್ನೂ ದಂಡ ತೆರುವುದನ್ನೂ ನಿಲ್ಲಿಸಿರಿ ಎಂದೆ. ಕಾರಣಗಳನ್ನು ಅರಿಯುವುದಕ್ಕೂ ಹೊಣೆಯಿಂದ ಬಿಡಿಸುವುದಕ್ಕೂ ಸಂಬಂಧವಿಲ್ಲ. ಮುರಿದ ಕೈಗೆ ಉತ್ತರ ಕೊಡಬೇಕಾದವನು ತಳ್ಳಿದವನೇ.

ಆ ಉತ್ತರ ಹೇಗಿರಬೇಕೆಂದು ನಿರ್ಧರಿಸುವ ಹಕ್ಕು ಕಾವಲುಗಾರರದ್ದು. ಪರಿವೀಕ್ಷಣಾಧಿಕಾರಿಯ ಮೂಲಕ ವಿಚಾರಿಸಿದಾಗ ಅವರು ಭೇಟಿಗೆ ಒಪ್ಪಲಿಲ್ಲ, ಚಿಕಿತ್ಸೆಯ ವೆಚ್ಚವನ್ನು ಮಾತ್ರ ಕಂತಿನಲ್ಲಿ ಪಡೆಯಲು ಒಪ್ಪಿದರು. ಯುವಕ ಈಗ ದುಡಿಮೆಯ ಹಣದಲ್ಲಿ ಅದನ್ನು ತೀರಿಸುತ್ತಿದ್ದಾನೆ. ಕುಡಿತ ಪೂರ್ತಿ ನಿಂತಿಲ್ಲ. ಒಮ್ಮೆ ಹಳೆಯ ಗೆಳೆಯರೊಂದಿಗೆ ರಾತ್ರಿ ಕಳೆದು ಬಂದು ತಾನಾಗಿಯೇ ಹೇಳಿದ. ಅದಕ್ಕಾಗಿ ಭೇಟಿಗಳ ನಡುವಿನ ಅಂತರವನ್ನು ಕಡಿಮೆ ಮಾಡಿ, ಮದ್ಯವ್ಯಸನದ ಚಿಕಿತ್ಸೆಗೆ ಮನೋವೈದ್ಯರ ಬಳಿ ಕಳುಹಿಸಿದ್ದೇನೆ.